ಊಟದಲ್ಲಿ ಕಾರ್ಬ್ಸ್ (ಕಾರ್ಬೋಹೈಡ್ರೇಟ್) ಪಾಲು ನನ್ನ ಲೆಕ್ಕದಲ್ಲಿ ಶೇ. 64, ಆ್ಯಪ್ ಲೆಕ್ಕದಲ್ಲಿ ಶೇ. 52. ಯಾವುದು ಸರಿ?

ಬೆಳಗಿನ ನಡಿಗೆ
ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ ಅಂತ ಹೋದ ತಿಂಗಳು ಗೊತ್ತಾಯಿತು. ದಿನದ ಕ್ಯಾಲೊರಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಕಾರ್ಬ್ಸ್‌ನಿಂದ ಬರಲಿ ಅಂತ ಆಹಾರ ತಜ್ಞರು ಹೇಳಿದರು. ಅವತ್ತೇ ಅಡುಗೆಮನೆಗೆ ಒಂದು ತಕ್ಕಡಿ ತಂದೆ. ಅಪ್ಪ ತಿನ್ನುವುದನ್ನೆಲ್ಲ ತೂಗಿ ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದೇನೆ.

ಒಂದು ದಿನದ ಮೊತ್ತ ಹೀಗಿದೆ: ಕಾರ್ಬ್ಸ್ 250 ಗ್ರಾಂ, ಪ್ರೋಟೀನ್ 70 ಗ್ರಾಂ, ಕೊಬ್ಬು 70 ಗ್ರಾಂ. ಎಲ್ಲ ಕೂಡಿದರೆ 390. 250ನ್ನು 390ರಿಂದ ಭಾಗಿಸಿದರೆ ಶೇ. 64. ನೋಡಿ ಗಾಬರಿಯಾಯಿತು. ಮರುದಿನದಿಂದಲೇ ಅಪ್ಪನ ತಟ್ಟೆಯಲ್ಲಿ ಕಾಲು ಭಾಗ ಕಡಿಮೆ ಮಾಡಿದೆ. ಅವರು ಒಂದು ಮಾತೂ ಆಡಲಿಲ್ಲ. ಆದರೆ ಮೂರನೇ ರಾತ್ರಿ ಎದ್ದು ನೋಡಿದರೆ ಅಡುಗೆಮನೆಯಲ್ಲಿ ದೀಪ ಹಾಕದೆ ಸುಮ್ನೆ ಕೂತಿದ್ದರು. ಹಸಿವು ಅಂದರು.

ಇವತ್ತು ಅದೇ ಅಂಕಿಗಳನ್ನು ಒಂದು ಆ್ಯಪ್‌ಗೆ ಹಾಕಿದೆ. ಅದು ಶೇ. 52 ಅನ್ನುತ್ತಿದೆ. ಮೂರು ಸಲ ಲೆಕ್ಕ ಮಾಡಿದೆ, ನನ್ನದು 64ರಿಂದ ಅಲ್ಲಾಡುತ್ತಿಲ್ಲ. ಎಲ್ಲಿ ತಪ್ಪಿದೆ ಅಂತ ಯಾರಾದರೂ ಹೇಳಿ.

ತಕ್ಕಡಿ
ತಪ್ಪು ಸಿಕ್ಕಿತು. ನೀವು ತೂಕದ ಪಾಲು ತೆಗೆದಿದ್ದೀರಿ. ಬೇಕಿರುವುದು ಕ್ಯಾಲೊರಿಯ ಪಾಲು.

ಒಂದು ಗ್ರಾಂ ಕಾರ್ಬ್ಸ್‌ಗೆ ಸುಮಾರು 4 ಕ್ಯಾಲೊರಿ, ಪ್ರೋಟೀನ್‌ಗೂ 4, ಕೊಬ್ಬಿಗೆ 9. ಹಾಗಾಗಿ 250 × 4 = 1,000. 70 × 4 = 280. 70 × 9 = 630. ಮೊತ್ತ 1,910. ಅದರಲ್ಲಿ 1,000 ಅಂದರೆ ಶೇ. 52. ಆ್ಯಪ್ ಸರಿ ಇದೆ.

ಕೊಬ್ಬಿನ ಒಂದು ಗ್ರಾಂ ಎರಡು ಪಟ್ಟಿಗಿಂತ ಜಾಸ್ತಿ ಶಕ್ತಿ ಕೊಡುತ್ತದೆ. ತೂಕದಲ್ಲಿ ಅದು ಚಿಕ್ಕದಾಗಿ ಕಾಣುತ್ತದೆ, ಅಷ್ಟೇ.

ಬೆಳಗಿನ ನಡಿಗೆ
ಅಯ್ಯೋ. ಮೂರು ದಿನ ಅಪ್ಪನನ್ನು ಸುಮ್ಮಸುಮ್ನೆ ಹಸಿವಿನಲ್ಲಿಟ್ಟೆ.

ಅಮ್ಮನ ಮಗಳು
ಬೇಜಾರು ಮಾಡಿಕೊಳ್ಳಬೇಡಿ. ಈ ತಪ್ಪು ಬಹಳ ಜನ ಮಾಡುತ್ತಾರೆ, ನಾನೂ ಮಾಡಿದ್ದೆ. ಪೊಟ್ಟಣದ ಮೇಲೆ ಎಲ್ಲವೂ ಗ್ರಾಂನಲ್ಲೇ ಇರುತ್ತದೆ. ಕೂಡಿ ಭಾಗಿಸಬೇಕು ಅನ್ನಿಸುವುದು ಸಹಜ ಅಲ್ವಾ.

ಪಥ್ಯ
ನಾನು ಆಹಾರ ಸಲಹೆ ಕೊಡುವ ಕೆಲಸದಲ್ಲಿದ್ದೇನೆ. ಲೆಕ್ಕ ಆಮೇಲೆ ನೋಡೋಣ, ಮೊದಲು ಒಂದು ಮುಖ್ಯ ವಿಷಯ. ನಿಮ್ಮ ತಂದೆಯವರು ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರಾ? ಅಥವಾ ಇನ್ಸುಲಿನ್ ಜಾಸ್ತಿ ಬರುವಂತೆ ಮಾಡುವ ಮಾತ್ರೆ? ಎರಡರಲ್ಲಿ ಯಾವುದಾದರೂ ಇದ್ದರೆ ಊಟದಲ್ಲಿ ಕಾರ್ಬ್ಸ್ ದಿಢೀರ್ ಕಡಿಮೆ ಮಾಡಬಾರದು. ರಕ್ತದ ಸಕ್ಕರೆ ತೀರಾ ಕೆಳಗೆ ಹೋಗಬಹುದು. ನಡುಕ, ಬೆವರು, ರಾತ್ರಿ ತಡೆಯಲಾಗದ ಹಸಿವು, ಮಂಕು, ಇವೆಲ್ಲ ಅದರ ಲಕ್ಷಣಗಳೇ. ರಾತ್ರಿ ಎದ್ದು ಕೂತಿದ್ದರು ಅಂತ ಓದಿದ ಕೂಡಲೇ ನನಗೆ ಅದೇ ಹೊಳೆಯಿತು. ಅಂಥ ಹೊತ್ತಿನಲ್ಲಿ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಿ. ಊಟ ಬದಲಿಸಿದ್ದನ್ನು ವೈದ್ಯರಿಗೂ ತಿಳಿಸಿ.

ಬೆಳಗಿನ ನಡಿಗೆ
ಮೆಟ್‌ಫಾರ್ಮಿನ್ ಒಂದೇ. ಇನ್ಸುಲಿನ್ ಇಲ್ಲ. ಆದರೂ ನಾಳೆ ಬೆಳಗ್ಗೆ ಫೋನ್ ಮಾಡಿ ಹೇಳುತ್ತೇನೆ. ಥ್ಯಾಂಕ್ಸ್ ಮೇಡಂ.

ಪಥ್ಯ
ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಆ ಅಪಾಯ ಕಡಿಮೆ. ಆದರೂ ಫೋನ್ ಮಾಡಿ.

ಸಂಶಯ
ಒಂದು ಮಾತು ಕೇಳಲಾ? 4, 4, 9 ಅಂತ ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಇವು ಬಂದದ್ದು ಎಲ್ಲಿಂದ? ಎಲ್ಲ ಕಾರ್ಬ್ಸ್‌ಗೂ ಒಂದೇ 4 ಹೇಗಾಗುತ್ತದೆ? ಸಕ್ಕರೆಯೂ ಹಿಟ್ಟೂ ಒಂದೇನಾ?

ಹಳೇ ಮೇಷ್ಟ್ರು
ಒಳ್ಳೆಯ ಪ್ರಶ್ನೆ. ವಿಲ್ಬರ್ ಅಟ್‌ವಾಟರ್ ಅನ್ನುವ ಅಮೆರಿಕದ ರಸಾಯನ ವಿಜ್ಞಾನಿ 19ನೇ ಶತಮಾನದ ಕೊನೆಯ ಹೊತ್ತಿಗೆ ಕಂಡುಕೊಂಡ ಅಂಕಿಗಳಿವು. ಒಬ್ಬ ಮನುಷ್ಯ ದಿನಗಟ್ಟಲೆ ಒಳಗೇ ಇರಬಹುದಾದ ಒಂದು ಕೋಣೆಯನ್ನು ಅವರೂ ಜೊತೆಗಾರರೂ ಕಟ್ಟಿದ್ದರು. ಒಳಗಿದ್ದವನ ಮೈಯಿಂದ ಹೊರಬೀಳುವ ಶಾಖವನ್ನೂ ಉಸಿರನ್ನೂ ಅಳೆಯುತ್ತಿದ್ದರು. ತಿಂದದ್ದನ್ನು, ವಿಸರ್ಜಿಸಿದ್ದನ್ನು ಎಲ್ಲ ತೂಗುತ್ತಿದ್ದರು.

ಒಂದು ಗ್ರಾಂ ಪ್ರೋಟೀನನ್ನು ಉಪಕರಣದೊಳಗೆ ಪೂರ್ತಿ ಸುಟ್ಟರೆ ಸುಮಾರು 5.6 ಕ್ಯಾಲೊರಿ ಶಾಖ ಬರುತ್ತದೆ. ದೇಹ ಅಷ್ಟನ್ನೂ ಬಳಸಿಕೊಳ್ಳುವುದಿಲ್ಲ. ಒಂದು ಪಾಲು ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ, ಸ್ವಲ್ಪ ಜೀರ್ಣವೇ ಆಗುವುದಿಲ್ಲ. ಅದಕ್ಕೇ ಪ್ರೋಟೀನ್‌ಗೆ 4 ಇಟ್ಟರು. ಇನ್ನು ನೀವು ಕೇಳಿದ ಸಕ್ಕರೆ ಮತ್ತು ಹಿಟ್ಟಿನ ವಿಷಯ. ಗ್ಲೂಕೋಸ್ ಸುಟ್ಟರೆ 3.75ರ ಹತ್ತಿರ, ಪಿಷ್ಟ ಸುಟ್ಟರೆ 4.2ರ ಹತ್ತಿರ. ಅಂದರೆ ಎರಡೂ ಒಂದೇ ಅಲ್ಲ, ನಿಮ್ಮ ಸಂಶಯ ಸರಿ. 4 ಅನ್ನುವುದು ಬೇರೆ ಬೇರೆ ಆಹಾರ ಬೆರೆತ ಊಟಕ್ಕೆ ತೆಗೆದ ಸರಾಸರಿ. ದಿನದ ಲೆಕ್ಕಕ್ಕೆ ಧಾರಾಳವಾಗಿ ಸಾಕು.

ಸಂಶಯ
ಹಾಗಾದರೆ 52.36 ಅಂತೆಲ್ಲ ಬರೆಯುವುದರಲ್ಲಿ ಅರ್ಥವಿಲ್ಲ. 52 ಸಾಕು. 50ರ ಆಸುಪಾಸು ಅಂದರೂ ಸಾಕು.

ಹಳೇ ಮೇಷ್ಟ್ರು
ಹೌದು. ದಶಮಾಂಶ ನೋಡಿ ಬಹಳ ನಿಖರ ಅಂದುಕೊಳ್ಳಬಾರದು. ಬಾದಾಮಿಯನ್ನು ಜನರಿಗೆ ತಿನ್ನಿಸಿ ಅಳೆದ ಒಂದು ಅಧ್ಯಯನ 2012ರಲ್ಲಿ ಬಂತು. ಈ ಸೂತ್ರದ ಪ್ರಕಾರ 28 ಗ್ರಾಂ ಬಾದಾಮಿಗೆ 170ರ ಹತ್ತಿರ ಕ್ಯಾಲೊರಿ ಬರಬೇಕಿತ್ತು. ದೇಹಕ್ಕೆ ದಕ್ಕಿದ್ದು 129 ಮಾತ್ರ. ಇಡಿಯಾಗಿ ಅಗಿದು ತಿಂದಾಗ ಕೊಬ್ಬಿನ ಒಂದಿಷ್ಟು ಭಾಗ ಜೀವಕೋಶದ ಗೋಡೆಯೊಳಗೇ ಉಳಿದು ಹಾಗೇ ಹೊರಗೆ ಹೋಗುತ್ತದೆ.

ಓಟದ ಹುಚ್ಚು
ನಾನು ಮ್ಯಾರಥಾನ್ ತಯಾರಿಯಲ್ಲಿದ್ದೇನೆ. ನನ್ನ ಪ್ರಕಾರ ಈ ಶೇಕಡಾ ಲೆಕ್ಕವೇ ಬೇಡ. ನಾವು ಓಟಗಾರರು ಮೈತೂಕದ ಕಿಲೋಗೆ ಇಷ್ಟು ಗ್ರಾಂ ಕಾರ್ಬ್ಸ್ ಅಂತ ನೋಡುತ್ತೇವೆ. ದಿನಕ್ಕೆ ಒಂದು ಗಂಟೆ ಓಡುವವರಿಗೆ ಕಿಲೋಗೆ 5ರಿಂದ 7 ಗ್ರಾಂ ಅನ್ನುತ್ತಾರೆ. 60 ಕಿಲೋ ಇರುವವರಿಗೆ 300ರಿಂದ 420 ಗ್ರಾಂ ಆಯಿತು. ಸ್ನಾಯುವಿಗೆ ಬೇಕಿರುವುದು ಗ್ರಾಂ. ಶೇಕಡಾ ತೆಗೆದುಕೊಂಡು ಅದೇನು ಮಾಡುತ್ತದೆ?

ತಕ್ಕಡಿ
ನಿಮಗೆ ಸರಿ. ಅವರ ಅಪ್ಪ ಮ್ಯಾರಥಾನ್ ಓಡುತ್ತಿಲ್ಲವಲ್ಲ. ಆಹಾರ ತಜ್ಞರು ಹೇಳಿದ್ದೇ ಪಾಲಿನ ಲೆಕ್ಕದಲ್ಲಿ, ಇವರು ಅದನ್ನೇ ಕೇಳುತ್ತಿದ್ದಾರೆ.

ಓಟದ ಹುಚ್ಚು
ನಾನು ಹೇಳುತ್ತಿರುವುದೇ ಬೇರೆ. ಪಾಲು ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಅವರದ್ದೇ ಅಂಕಿ ತೆಗೆದುಕೊಳ್ಳಿ: ಕಾರ್ಬ್ಸ್ 250 ಗ್ರಾಂ, ಮೊತ್ತ 1,910. ಊಟದಲ್ಲಿ ಏನನ್ನೂ ತೆಗೆಯದೆ ಮೇಲೆ 30 ಗ್ರಾಂ ಎಣ್ಣೆ ಸುರಿದರೆ 270 ಕ್ಯಾಲೊರಿ ಸೇರಿ ಮೊತ್ತ 2,180 ಆಗುತ್ತದೆ. ಕಾರ್ಬ್ಸ್ ಪಾಲು 52ರಿಂದ 46ಕ್ಕೆ ಇಳಿಯಿತು. ಆದರೆ ತಿಂದ ಕಾರ್ಬ್ಸ್ ಅದೇ 250 ಗ್ರಾಂ! ಒಂದು ಗ್ರಾಂ ಕೂಡ ಕಡಿಮೆಯಾಗಿಲ್ಲ. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಮೈಗೆ 270 ಕ್ಯಾಲೊರಿ ಜಾಸ್ತಿ.

ಪಥ್ಯ
ಇದನ್ನು ಒಪ್ಪುತ್ತೇನೆ. ಪಾಲು ಮತ್ತು ಗ್ರಾಂ ಎರಡನ್ನೂ ಬರೆಯಿರಿ. 2,000 ಕ್ಯಾಲೊರಿ ತಿನ್ನುವವರಿಗೆ ಅರ್ಧ ಅಂದರೆ 250 ಗ್ರಾಂ. 1,400 ತಿನ್ನುವವರಿಗೆ ಅದೇ ಅರ್ಧ 175 ಗ್ರಾಂ. ಸುಮ್ನೆ "ಅರ್ಧ" ಅಂದರೆ ಎಷ್ಟು ಅಂತ ಗೊತ್ತಾಗುವುದಿಲ್ಲ. ಊಟಕ್ಕೆ ತಕ್ಕಂತೆ ಇನ್ಸುಲಿನ್ ಹಾಕಿಕೊಳ್ಳುವವರಿಗಂತೂ ಪ್ರತಿ ಹೊತ್ತಿನ ಗ್ರಾಂ ಮುಖ್ಯ, ದಿನದ ಪಾಲು ಅವರಿಗೆ ಅಷ್ಟು ಸಹಾಯಕ್ಕೆ ಬರುವುದಿಲ್ಲ.

ಹಸಿರೆಲೆ
ನಾರಿನ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ! 250 ಗ್ರಾಂ ಕಾರ್ಬ್ಸ್‌ನಲ್ಲಿ ನಾರು ಎಷ್ಟಿದೆ? ಅದಕ್ಕೂ 4 ಹಾಕಿದ್ದೀರಾ?

ಬೆಳಗಿನ ನಡಿಗೆ
ನೋಟ್‌ಬುಕ್‌ನಲ್ಲಿ ನಾರು 30 ಗ್ರಾಂ ಅಂತ ಬೇರೆ ಬರೆದಿದ್ದೇನೆ. ಆದರೆ ಅದು 250ರ ಒಳಗಿದೆಯೋ ಹೊರಗಿದೆಯೋ ಗೊತ್ತಿಲ್ಲ.

ಹಸಿರೆಲೆ
ಅಲ್ಲೇ ಇರುವುದು ಗೋಜಲು. ದೇಶದಿಂದ ದೇಶಕ್ಕೆ ಲೇಬಲ್ ಬೇರೆ. ಅಮೆರಿಕದ ಲೇಬಲ್‌ನಲ್ಲಿ ಒಟ್ಟು ಕಾರ್ಬ್ಸ್ ಅಂದರೆ ನಾರೂ ಸೇರಿಯೇ. ಯುರೋಪಿನ ಲೇಬಲ್‌ನಲ್ಲಿ ಕಾರ್ಬ್ಸ್ ಅಂದರೆ ನಾರು ಬಿಟ್ಟು ಉಳಿದದ್ದು, ನಾರಿಗೆ ಬೇರೆ ಸಾಲು, ಮತ್ತು ಅದಕ್ಕೆ ಗ್ರಾಂಗೆ 2 ಕ್ಯಾಲೊರಿ. ನಾರು ಸಣ್ಣ ಕರುಳಿನಲ್ಲಿ ಜೀರ್ಣವಾಗುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದರಲ್ಲಿ ಸ್ವಲ್ಪವನ್ನು ಹುದುಗಿಸುತ್ತವೆ. ಆ 2 ಬರುವುದು ಅಲ್ಲಿಂದ.

ಒಳಗೋ ಹೊರಗೋ ಅಂತ ತಿಳಿಯಲು ನಾನು ಪೊಟ್ಟಣವನ್ನೇ ಲೆಕ್ಕಕ್ಕೆ ಹಾಕುತ್ತೇನೆ. ಉದಾಹರಣೆಗೆ 100 ಗ್ರಾಂಗೆ ಕಾರ್ಬ್ಸ್ 60, ನಾರು 10, ಪ್ರೋಟೀನ್ 12, ಕೊಬ್ಬು 7 ಅಂತ ಇದೆ ಅಂದುಕೊಳ್ಳಿ. ನಾರು ಹೊರಗಿದ್ದರೆ 240 + 20 + 48 + 63 = 371 ಕ್ಯಾಲೊರಿ ಆಗಬೇಕು. ಒಳಗಿದ್ದು ಅದಕ್ಕೂ 4 ಹಿಡಿದಿದ್ದರೆ 351, ಒಳಗಿದ್ದು ನಾರಿಗೆ 2ರಂತೆ ಹಿಡಿದಿದ್ದರೆ 331. ಈಗ ಪೊಟ್ಟಣದ ಮೇಲೆ ಎಷ್ಟು ಕ್ಯಾಲೊರಿ ಬರೆದಿದ್ದಾರೆ ನೋಡಿ. ಯಾವುದಕ್ಕೆ ಹತ್ತಿರ ಇದೆಯೋ ಅದೇ ಉತ್ತರ.

ಬೆಳಗಿನ ನಡಿಗೆ
ಮಾಡಿ ನೋಡಿದೆ. ನಾನು ಬಳಸುವ ಪಟ್ಟಿಯಲ್ಲಿ ನಾರು ಒಳಗೇ ಇದೆ.

ಹಸಿರೆಲೆ
ಹಾಗಾದರೆ 220 × 4 = 880, ನಾರು 30 × 2 = 60. ಕಾರ್ಬ್ಸ್‌ನಿಂದ 940. ಮೊತ್ತವೂ 1,850ಕ್ಕೆ ಇಳಿಯಿತು. 940ನ್ನು 1,850ರಿಂದ ಭಾಗಿಸಿ. ಶೇ. 51.

ಸಂಶಯ
ಇಷ್ಟೆಲ್ಲ ಮಾಡಿ 52 ಇದ್ದದ್ದು 51 ಆಯಿತು.

ಹಸಿರೆಲೆ
ಇವರ ಲೆಕ್ಕದಲ್ಲಿ ಒಂದೇ ವ್ಯತ್ಯಾಸ. ಕಾಳು, ತರಕಾರಿ ಜಾಸ್ತಿ ತಿನ್ನುವವರಿಗೆ ನಾರು 50 ಗ್ರಾಂ ದಾಟಬಹುದು. ಆಗ ವ್ಯತ್ಯಾಸ ಎದ್ದು ಕಾಣುತ್ತದೆ. ಇನ್ನೊಂದು ವಿಷಯವೂ ಇದೆ. ಕಾರ್ಬ್ಸ್ ಎಷ್ಟು ಅನ್ನುವಷ್ಟೇ ಮುಖ್ಯ ಅದು ಯಾವುದರಿಂದ ಬಂತು ಅನ್ನುವುದು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಸಲಹೆಯಲ್ಲಿ ಇದೇ ಇದೆ: ಕಾರ್ಬ್ಸ್ ಮುಖ್ಯವಾಗಿ ಇಡೀ ಧಾನ್ಯ, ತರಕಾರಿ, ಹಣ್ಣು, ಕಾಳುಗಳಿಂದ ಬರಲಿ, ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಸಿಗಲಿ. ನಿಮ್ಮ ತಂದೆಯವರಿಗೆ 30 ಸಿಗುತ್ತಿದೆ. ಅದನ್ನು ಕಡಿಮೆ ಮಾಡಬೇಡಿ ದಯವಿಟ್ಟು.

ಕನ್ನಡದ ಕಂದ
ವಿಷಯ ಬಿಟ್ಟು ಒಂದು ಮಾತು. ಕಾರ್ಬ್ಸ್, ಕಾರ್ಬ್ಸ್ ಅಂತ ಯಾಕೆ? ಪಿಷ್ಟ ಅನ್ನಬಹುದಲ್ಲ?

ಹಳೇ ಮೇಷ್ಟ್ರು
ಪಿಷ್ಟ ಅಂದರೆ ಹಿಟ್ಟಿನ ಅಂಶ ಮಾತ್ರ. ಸಕ್ಕರೆ, ಹಾಲಿನ ಲ್ಯಾಕ್ಟೋಸ್, ನಾರು ಇವೂ ಕಾರ್ಬೋಹೈಡ್ರೇಟ್‌ಗಳೇ, ಆದರೆ ಪಿಷ್ಟ ಅಲ್ಲ. ಶರ್ಕರಪಿಷ್ಟ ಅನ್ನುವ ಪದ ಪುಸ್ತಕಗಳಲ್ಲಿದೆ, ಅದು ಸರಿಹೋಗುತ್ತದೆ.

ಕನ್ನಡದ ಕಂದ
ಶರ್ಕರಪಿಷ್ಟ ಚೆನ್ನಾಗಿದೆ. ನಾನು ಅದನ್ನೇ ಬಳಸುತ್ತೇನೆ.

ಅಮ್ಮನ ಮಗಳು
ಬಳಸಿ. ನಮ್ಮಮ್ಮನಿಗೆ ಮಾತ್ರ ಕಾರ್ಬ್ಸ್ ಅಂದರೇ ಅರ್ಥವಾಗುತ್ತದೆ :)

ರಾತ್ರಿಪಾಳಿ
ನನ್ನದೂ ಒಂದು ಲೆಕ್ಕದ ತೊಂದರೆ. ಪಾಳಿ ಇರುವ ದಿನ 3,000 ಕ್ಯಾಲೊರಿ ತಿನ್ನುತ್ತೇನೆ, ಕಾರ್ಬ್ಸ್ ಶೇ. 40. ರಜೆ ದಿನ ಬರೀ ನಿದ್ದೆ, 1,500 ಕ್ಯಾಲೊರಿ, ಶೇ. 60. ಎರಡು ದಿನದ ಸರಾಸರಿ 50 ಅಂತ ಬರೆದುಕೊಳ್ಳುತ್ತಿದ್ದೇನೆ. ಸರೀನಾ?

ತಕ್ಕಡಿ
ಅಲ್ಲ. ಶೇಕಡಾಗಳನ್ನು ಕೂಡಿ ಎರಡರಿಂದ ಭಾಗಿಸಬಾರದು. 3,000ದಲ್ಲಿ ಶೇ. 40 ಅಂದರೆ 1,200. 1,500ರಲ್ಲಿ ಶೇ. 60 ಅಂದರೆ 900. ಕಾರ್ಬ್ಸ್‌ನಿಂದ ಒಟ್ಟು 2,100, ತಿಂದದ್ದು ಒಟ್ಟು 4,500. ಪಾಲು ಶೇ. 47 ಆಗುತ್ತದೆ. ವಾರದ ಲೆಕ್ಕವೂ ಹೀಗೇ. ಏಳು ದಿನದ ಕಾರ್ಬ್ಸ್ ಕ್ಯಾಲೊರಿ ಒಂದು ಕಡೆ ಕೂಡಿ, ಒಟ್ಟು ಕ್ಯಾಲೊರಿ ಇನ್ನೊಂದು ಕಡೆ ಕೂಡಿ, ಕೊನೆಯಲ್ಲಿ ಒಂದೇ ಸಲ ಭಾಗಿಸಿ.

ರಾತ್ರಿಪಾಳಿ
ಓ. ಆರು ತಿಂಗಳಿಂದ ತಪ್ಪಾಗಿ ಬರೆಯುತ್ತಿದ್ದೆ.

ಗಡಿಯಾರ
ಆ್ಯಪ್ ತೋರಿಸುವ ಒಟ್ಟು ಕ್ಯಾಲೊರಿಗೂ ನಾನು ಮೂರನ್ನೂ ಕೂಡಿದರೆ ಬರುವ ಮೊತ್ತಕ್ಕೂ ಕೆಲವು ದಿನ 200ರ ವ್ಯತ್ಯಾಸ ಬರುತ್ತದೆ. ಎಲ್ಲ ದಿನ ಅಲ್ಲ, ವಾರದ ಕೊನೆಯಲ್ಲಿ ಮಾತ್ರ.

ತಕ್ಕಡಿ
ವಾರದ ಕೊನೆಯಲ್ಲಿ ಮದ್ಯ ತೆಗೆದುಕೊಳ್ಳುತ್ತೀರಾ? ಆಲ್ಕೋಹಾಲ್‌ಗೆ ಗ್ರಾಂಗೆ 7 ಕ್ಯಾಲೊರಿ. ಅದು ಕಾರ್ಬ್ಸ್ ಅಲ್ಲ, ಪ್ರೋಟೀನ್ ಅಲ್ಲ, ಕೊಬ್ಬೂ ಅಲ್ಲ. 28 ಗ್ರಾಂ ಆಲ್ಕೋಹಾಲ್ ಅಂದರೆ 196 ಕ್ಯಾಲೊರಿ.

ಗಡಿಯಾರ
ಹೌದು. ಸಿಕ್ಕಿತು.

ಅಮ್ಮನ ಮಗಳು
ಬೇಯಿಸಿದ್ದು, ಬೇಯಿಸದ್ದು ಅನ್ನುವ ಗೊಂದಲದ ಬಗ್ಗೆಯೂ ಹೇಳಿಬಿಡುತ್ತೇನೆ. ನಾನು ಎಡವಿದ್ದು ಅಲ್ಲೇ. ಅಮ್ಮನಿಗೆ 200 ಗ್ರಾಂ ಅನ್ನ ತೂಗಿ ಹಾಕುತ್ತಿದ್ದೆ. ಆ್ಯಪ್‌ನಲ್ಲಿ ಮಾತ್ರ ಅಕ್ಕಿ ಅನ್ನುವುದನ್ನು ಆರಿಸುತ್ತಿದ್ದೆ. 200 ಗ್ರಾಂ ಅಕ್ಕಿಯಲ್ಲಿ 160 ಗ್ರಾಂನಷ್ಟು ಕಾರ್ಬ್ಸ್ ಇರುತ್ತದೆ. ಬೆಂದ 200 ಗ್ರಾಂ ಅನ್ನದಲ್ಲಿ 56ರ ಹತ್ತಿರ, ಉಳಿದದ್ದು ಹೆಚ್ಚಾಗಿ ನೀರು. ಅಂದರೆ ಒಂದೇ ಊಟಕ್ಕೆ 100 ಗ್ರಾಂ ಜಾಸ್ತಿ ಬರೆಯುತ್ತಿದ್ದೆ! ಎರಡು ವಾರ ಅಮ್ಮನ ಜೊತೆ ಇದೇ ಜಗಳ. "ಇಷ್ಟು ಕಡಿಮೆ ತಿಂದರೂ ಜಾಸ್ತಿ ಅಂತೀಯಲ್ಲೇ" ಅಂತ ಅವಳು. ಅಂಕಿ ಸುಳ್ಳು ಹೇಳುತ್ತಾ ಅಂತ ನಾನು. ತಪ್ಪು ಸಾಲು ಆರಿಸಿದವಳು ನಾನೇ ಆಗಿದ್ದೆ. ಆಮೇಲೆ ಕ್ಷಮೆ ಕೇಳಿದೆ.

ರಾತ್ರಿಪಾಳಿ
ಪಾಸ್ತಾ, ಓಟ್ಸ್, ಕಾಳು ಎಲ್ಲಕ್ಕೂ ಇದೇ ಕಥೆ. ಒಣಗಿದ್ದಾಗಲೇ ತೂಗುವುದು ಸುಲಭ.

ಅಮ್ಮನ ಮಗಳು
ಒಬ್ಬರಿಗೇ ಬೇಯಿಸಿದರೆ ಸುಲಭ. ಮನೆಮಂದಿಗೆಲ್ಲ ಒಂದೇ ಪಾತ್ರೆಯಲ್ಲಿ ಮಾಡಿದಾಗ ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಟ್ಟುಕೊಳ್ಳಿ. ಬೆಂದ ಮೇಲೆ ಪಾತ್ರೆ ಸಮೇತ ತೂಗಿ, ಪಾತ್ರೆಯ ತೂಕ ಕಳೆಯಿರಿ. ಅದರಲ್ಲಿ ಎಷ್ಟನೇ ಒಂದು ಭಾಗ ತಟ್ಟೆಗೆ ಬಂತೋ, ಒಣ ಸಾಮಾನಿನ ಲೆಕ್ಕದಲ್ಲೂ ಅಷ್ಟೇ ಭಾಗ.

ಕೊಬ್ಬೇ ಗೆಳೆಯ
ಇಷ್ಟೆಲ್ಲ ಒದ್ದಾಡುವುದಕ್ಕಿಂತ ಕಾರ್ಬ್ಸ್‌ನ್ನೇ 20 ಗ್ರಾಂಗೆ ಇಳಿಸಿಬಿಡಿ. ನಾನು ಒಂದು ವರ್ಷದಿಂದ ಕೀಟೋ (ಕಾರ್ಬ್ಸ್ ತೀರಾ ಕಡಿಮೆ, ಕೊಬ್ಬು ಜಾಸ್ತಿ ತಿನ್ನುವ ಪಥ್ಯ) ಮಾಡುತ್ತಿದ್ದೇನೆ. ಸಕ್ಕರೆ ಹತೋಟಿಗೆ ಬಂದಿದೆ, ತೂಕ ಇಳಿದಿದೆ. ಅರ್ಧ ಕಾರ್ಬ್ಸ್ ಅನ್ನುವುದೇ ಜಾಸ್ತಿ.

ಪಥ್ಯ
ನಿಮಗೆ ಒಳ್ಳೆಯದಾಗಿದ್ದು ಸಂತೋಷ. ಆದರೆ ಗುರುತಿಲ್ಲದ ವಯಸ್ಸಾದವರಿಗೆ, ಅವರ ಕಿಡ್ನಿ ಹೇಗಿದೆ, ಯಾವ ಮಾತ್ರೆ ನುಂಗುತ್ತಾರೆ ಅಂತ ತಿಳಿಯದೆ, 20 ಗ್ರಾಂ ಅಂತ ಹೇಳುವುದನ್ನು ನಾನು ಒಪ್ಪುವುದಿಲ್ಲ. ಕೆಲವು ಮಾತ್ರೆಗಳ ಜೊತೆ ಕೀಟೋ ಮಾಡಿದರೆ ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್ ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಬಹುದು.

ಕೊಬ್ಬೇ ಗೆಳೆಯ
ಮಾತ್ರೆಯ ವಿಷಯ ಒಪ್ಪಿದೆ, ವೈದ್ಯರನ್ನು ಕೇಳದೆ ಮಾಡಬಾರದು. ಆದರೆ 45ರಿಂದ 65 ಅಂತ ಎಲ್ಲ ಕಡೆ ಬರೆಯುತ್ತಾರಲ್ಲ, ಅದನ್ನು ಸಕ್ಕರೆ ಕಾಯಿಲೆ ಇರುವವರಿಗೆ ಯಾಕೆ ಹೇಳಬೇಕು?

ಪಥ್ಯ
45ರಿಂದ 65 ಅನ್ನುವುದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಆರೋಗ್ಯವಂತರಿಗೆ ಕೊಟ್ಟ ವ್ಯಾಪ್ತಿ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 45ರಿಂದ 60 ಅನ್ನುತ್ತದೆ. ಸಕ್ಕರೆ ಕಾಯಿಲೆ ಇರುವವರ ವಿಷಯಕ್ಕೆ ಬಂದರೆ, ಎಲ್ಲರಿಗೂ ಒಪ್ಪುವ ಒಂದೇ ಪಾಲು ಇಲ್ಲ ಅಂತ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2019ರ ವರದಿಯಲ್ಲೇ ಹೇಳಿದೆ. ಕಾರ್ಬ್ಸ್ ಕಡಿಮೆ ಮಾಡಿದರೆ ಸಕ್ಕರೆ ಹತೋಟಿಗೆ ಸಹಾಯವಾಗುತ್ತದೆ ಅಂತಲೂ ಹೇಳಿದೆ. ಅಂದರೆ ನೀವು ಹೇಳುವುದರಲ್ಲಿ ನಿಜ ಇದೆ. ಎಷ್ಟು ಕಡಿಮೆ ಅನ್ನುವುದನ್ನು ಆ ವ್ಯಕ್ತಿಯನ್ನು ನೋಡಿದವರು ತೀರ್ಮಾನಿಸಬೇಕು. ಇವರ ತಂದೆಯವರನ್ನು ನೋಡಿದವರು ಅರ್ಧ ಅಂದಿದ್ದಾರೆ.

ಸಂಶಯ
2018ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್‌ನಲ್ಲಿ ಬಂದ ಅಧ್ಯಯನವೂ ಇದೆಯಲ್ಲ. ಶೇ. 50ರಿಂದ 55 ಕಾರ್ಬ್ಸ್ ತಿಂದವರಲ್ಲಿ ಸಾವು ಕಡಿಮೆ, ತೀರಾ ಕಡಿಮೆ ತಿಂದವರಲ್ಲೂ ತೀರಾ ಜಾಸ್ತಿ ತಿಂದವರಲ್ಲೂ ಹೆಚ್ಚು ಅಂತ.

ಕೊಬ್ಬೇ ಗೆಳೆಯ
ಅದರಲ್ಲಿ ಜನ ಏನು ತಿಂದರು ಅಂತ ಕೇಳಿ ಬರೆದುಕೊಂಡದ್ದು, ತೂಗಿದ್ದಲ್ಲ. ಕಾರ್ಬ್ಸ್‌ನಿಂದಲೇ ಹಾಗಾಯಿತು ಅಂತ ಅದರಿಂದ ಹೇಳಲಾಗುವುದಿಲ್ಲ.

ಹಸಿರೆಲೆ
ಕಾರ್ಬ್ಸ್ ಬದಲು ಏನು ತಿಂದರು ಅನ್ನುವುದೂ ಅದೇ ಅಧ್ಯಯನದಲ್ಲಿದೆ. ಮಾಂಸದ ಕೊಬ್ಬು, ಪ್ರೋಟೀನ್ ತಿಂದವರಿಗಿಂತ ಗಿಡದಿಂದ ಬಂದದ್ದನ್ನು ತಿಂದವರ ಸ್ಥಿತಿ ಚೆನ್ನಾಗಿತ್ತು. ಪಾಲು ಒಂದರಿಂದಲೇ ಎಲ್ಲ ತಿಳಿಯುವುದಿಲ್ಲ.

ತಕ್ಕಡಿ
ಮೂಲ ಪ್ರಶ್ನೆಗೆ ಬರೋಣ. ಬೆಳಗಿನ ನಡಿಗೆ ಅವರೇ, ಕೊಬ್ಬು 70 ಗ್ರಾಂ ಅಂದಿರಲ್ಲ, ಅಡುಗೆಗೆ ಹಾಕಿದ ಎಣ್ಣೆ ಹೇಗೆ ಬರೆದಿರಿ? ತಟ್ಟೆಗೆ ಬಂದ ಮೇಲೆ ಎಣ್ಣೆ ಕಣ್ಣಿಗೆ ಕಾಣುವುದಿಲ್ಲ. ಒಂದು ದೊಡ್ಡ ಚಮಚ ಅಂದರೆ 14 ಗ್ರಾಂನಷ್ಟು, 125 ಕ್ಯಾಲೊರಿ. ಅದು ಬಿಟ್ಟುಹೋದರೆ ಒಟ್ಟು ಮೊತ್ತ ಕಡಿಮೆ ಕಾಣುತ್ತದೆ, ಕಾರ್ಬ್ಸ್ ಪಾಲು ಜಾಸ್ತಿ ಕಾಣುತ್ತದೆ.

ಬೆಳಗಿನ ನಡಿಗೆ
ಅಂದಾಜಿನಲ್ಲಿ 8 ಗ್ರಾಂ ಅಂತ ಬರೆದಿದ್ದೆ. ಸರಿಯಾಗಿ ಅಳೆಯುವುದು ಹೇಗೆ?

ತಕ್ಕಡಿ
ಬಾಟಲಿಯನ್ನೇ ತೂಗಿ. ಇವತ್ತು ಒಮ್ಮೆ, ಮುಂದಿನ ವಾರ ಇದೇ ದಿನ ಇನ್ನೊಮ್ಮೆ. ಕಡಿಮೆಯಾದದ್ದನ್ನು ಏಳು ದಿನಕ್ಕೂ ಊಟ ಮಾಡುವವರ ಸಂಖ್ಯೆಗೂ ಭಾಗಿಸಿ. ಕರಿದ ಎಣ್ಣೆ ಉಳಿದರೆ ಅದನ್ನು ಕಳೆಯಿರಿ.

ಬೆಳಗಿನ ನಡಿಗೆ (ಒಂದು ವಾರದ ನಂತರ)
ಬಂದೆ. ಬಾಟಲಿ ಹೋದ ವಾರ 910 ಗ್ರಾಂ ಇತ್ತು, ಇವತ್ತು 490. 420 ಗ್ರಾಂ ಹೋಗಿದೆ. ಮನೆಯಲ್ಲಿ ಮೂವರು. ಒಬ್ಬರಿಗೆ ದಿನಕ್ಕೆ 20 ಗ್ರಾಂ! ನಾನು ಬರೆದದ್ದು 8.

ಅಂದರೆ ಕೊಬ್ಬು 70 ಅಲ್ಲ, 82. ಮೊತ್ತಕ್ಕೆ 108 ಸೇರಿ 2,018. ಅದರಲ್ಲಿ ಕಾರ್ಬ್ಸ್ 1,000. ಶೇ. 50. ನಾರಿಗೆ 2ರಂತೆ ಹಿಡಿದರೆ ಶೇ. 48. ಆಹಾರ ತಜ್ಞರು ಹೇಳಿದಷ್ಟೇ ಅಪ್ಪ ಮೊದಲಿಂದ ತಿನ್ನುತ್ತಿದ್ದರು.

ವೈದ್ಯರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ತಟ್ಟೆಯಿಂದ ತೆಗೆದದ್ದನ್ನು ವಾಪಸ್ ಹಾಕಿ, ಊಟವಾಗಿ ಎರಡು ಗಂಟೆಗೆ ಸಕ್ಕರೆ ನೋಡಿ ಬರೆದಿಡಿ ಅಂದರು. ಅವತ್ತೇ ವಾಪಸ್ ಹಾಕಿದೆ. ಅಪ್ಪ ತಟ್ಟೆ ನೋಡಿ, "ಲೆಕ್ಕ ಸರಿಹೋಯ್ತೇನೋ?" ಅಂತ ಕೇಳಿದರು. ಹೂಂ ಅಂದೆ.

ಪಥ್ಯ
ತುಂಬಾ ಒಳ್ಳೆಯದಾಯಿತು. ಊಟದ ನಂತರದ ಸಕ್ಕರೆ ಹೇಗಿದೆ?

ಬೆಳಗಿನ ನಡಿಗೆ
ಮಧ್ಯಾಹ್ನ, ರಾತ್ರಿ ಪರವಾಗಿಲ್ಲ. ಬೆಳಗಿನ ತಿಂಡಿ ಆದ ಮೇಲೆ ಮಾತ್ರ ಏರುತ್ತಿದೆ. ದಿನದ 250 ಗ್ರಾಂನಲ್ಲಿ 110 ಬೆಳಗ್ಗೆಯೇ ಹೋಗುತ್ತಿದೆ ಅಂತ ನೋಟ್‌ಬುಕ್ ನೋಡಿದಾಗ ಗೊತ್ತಾಯಿತು.

ಪಥ್ಯ
ಹಾಗಾದರೆ ಮೊತ್ತ ಹಾಗೇ ಇರಲಿ, ಹಂಚಿಕೆ ಬದಲಿಸುವ ಬಗ್ಗೆ ವೈದ್ಯರನ್ನು ಕೇಳಿ. ಬೆಳಗಿನದರಲ್ಲಿ 40 ಗ್ರಾಂನಷ್ಟು ತೆಗೆದು ಸಂಜೆಗೆ ಕೊಟ್ಟರೆ ಹೇಗೆ ಅಂತ. ಆ ನೋಟ್‌ಬುಕ್ ಜೊತೆಯಲ್ಲೇ ತೆಗೆದುಕೊಂಡು ಹೋಗಿ.

ಬೆಳಗಿನ ನಡಿಗೆ
ಸೋಮವಾರ ಹೋಗುತ್ತಿದ್ದೇವೆ. ಈಗ ಅಪ್ಪನೇ ತೂಗುತ್ತಾರೆ, ಅಂಕಿ ಓದಿ ಹೇಳುತ್ತಾರೆ, ನಾನು ಬರೆಯುತ್ತೇನೆ. ಖಾಲಿ ತಟ್ಟೆ 312 ಗ್ರಾಂ ಅಂತ ಅವರಿಗೆ ಬಾಯಿಪಾಠವಾಗಿದೆ.

ಅಮ್ಮನ ಮಗಳು
ಸೋಮವಾರ ಏನಂದರು ಅಂತ ಇಲ್ಲೇ ಬರೆಯಿರಿ. ಅಮ್ಮನಿಗೂ ಬೆಳಗ್ಗೆಯೇ ಏರುತ್ತದೆ.